ನಾಯಕಿಯ ನಡಿಗೆ

೧೯೫೮ರ ಬೇಸಿಗೆ. ಶಿಕಾರಿಪುರದ ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದ ತಿಮ್ಮಮ್ಮನ ಕಿವಿಗೆ ಪಕ್ಕದ ಬೆಂಚಿನ ಮಾತು ಬಿತ್ತು. ಊರೂರ ನಾಟಕಗಳಲ್ಲಿ ಹೆಣ್ಣುಪಾತ್ರ ಮಾಡುವ ಸೊರಬದ ಚೌಡಪ್ಪನನ್ನು ಆಕೆ ಗುರುತಿಸಿದಳು. ಜೊತೆಗಿದ್ದವನು ಅವನ ಗೆಳೆಯ ಮಹೇಶ್ವರಪ್ಪ.

"ಸಿನಿಮಾ ಕಂಪನಿ ಶುರುಮಾಡುವಾಗ ನಾನೇ ನಾಯಕಿ ಅಂದಿದ್ಯಲ್ಲ ಮಾರಾಯ?"

"ಕ್ಯಾಮೆರಾ ಮುಖದ ಹತ್ರಾನೇ ಬರ್ತೈತಂತಪ್ಪ. ಬೋಳಿಸಿದ್ರೂ ಗಡ್ಡದ ಕಪ್ಪು ಕಾಣ್ತೈತಿ. ಮದರಾಸಿನ ಹುಡುಗೀನ ಗೊತ್ತುಮಾಡೀವಿ."

"ಮತ್ತೆ ನಾನು?"

"ಆಕಿಗೆ ಕೊಡ ಹೊತ್ತು ನಡೆಯಾಕ ಬರಂಗಿಲ್ಲ. ನೀನು ಕಲಿಸ್ಬೇಕು."

"ಹೆಂಗಸಿಗೆ ಹೆಂಗಸಿನ ನಡಿಗೆ ನಾನು ಕಲಿಸ್ಬೇಕಾ?"

"ನಿನ್ನಷ್ಟು ಚಂದ ಯಾರಿಗೆ ಬರ್ತೈತಿ?"

"ನನ್ನ ಸೀರೇನೂ ಉಡಿಸಿ ಕಳಿಸ್ಲಾ?" ಚೌಡಪ್ಪ ಹಲ್ಲು ಕಚ್ಚಿ ಕೇಳಿದ.

ಬಸ್ಸು ಬಂತು. ಮೆಟ್ಟಿಲ ಮೇಲೆ ಕಾಲಿಟ್ಟ ಮಹೇಶ್ವರಪ್ಪ ಒಂದು ಗಳಿಗೆ ಯೋಚಿಸಿದ.

"ಆ ಹಸಿರು ಇಳಕಲ್ ಐತಲ್ಲ, ಅದನ್ನ ತಂದ್ಬಿಡು" ಎಂದು ಒಳಗೆ ಹೋದ.