ಮಂಜಿನಲ್ಲಿ ಇಳಿದ ಸ್ಪಿಟ್‌ಫೈರ್

ನಂಬೋದು ಬಿಡೋದು ನಿಮಗೆ ಸೇರಿದ್ದು. ಇದು ಇಂಗ್ಲೆಂಡಿನ ಸಾಲಿಸ್‌ಬರಿಯಲ್ಲಿ ನಮ್ಮ ಪಕ್ಕದ ಮನೆಯಲ್ಲಿದ್ದ ಎನಿಡ್ ಪ್ರಾಗ್ನೆಲ್‌ಗೆ ಆದದ್ದು, ಎರಡನೇ ಮಹಾಯುದ್ಧದ ಎರಡನೇ ಚಳಿಗಾಲದಲ್ಲಿ.

ಸೌತಾಂಪ್ಟನ್ನಿನ ಕಾರ್ಖಾನೆ ಬಾಂಬಿಗೆ ಹಾಳಾದ ಮೇಲೆ ಸ್ಪಿಟ್‌ಫೈರ್ ಯುದ್ಧವಿಮಾನ ಕಟ್ಟುವ ಕೆಲಸ ಊರೂರಿಗೆ ಚದುರಿತ್ತು. ನಮ್ಮಲ್ಲಿ ಬಸ್ಸು ನಿಲ್ಲುತ್ತಿದ್ದ ಶೆಡ್ಡಿನಲ್ಲಿ ಹೆಂಗಸರು ಅದರ ರೆಕ್ಕೆಗೆ ರಿವೆಟ್ ಹೊಡೆಯುತ್ತಿದ್ದರು. ಎನಿಡ್ ಅವರಲ್ಲೊಬ್ಬಳು. ಅವಳ ಒಬ್ಬನೇ ಮಗ ಸಿರಿಲ್ ಅದೇ ವಿಮಾನ ಹಾರಿಸುತ್ತ ಆಗಸ್ಟಿನಲ್ಲಿ ಕಡಲಿಗೆ ಬಿದ್ದಿದ್ದ. ಹತ್ತೊಂಬತ್ತು ವರ್ಷ. ಹೆಣವೂ ಸಿಗಲಿಲ್ಲ.

ಅವತ್ತು ಪಾಳಿ ಮುಗಿದಾಗ ರಾತ್ರಿ ಹನ್ನೊಂದು. ಜೊತೆಯ ಹಿಲ್ಡಾ ಅಂದಳು, "ನಮ್ಮನೇಲೇ ಮಲಗು ಮಾರಾಯ್ತಿ. ಈ ಮಂಜಲ್ಲಿ ನಿನ್ನ ಮೂಗು ನಿಂಗೇ ಸಿಗಲ್ಲ."

"ನಿನ್ನ ಗಂಡನ ಗೊರಕೆಗಿಂತ ಮಂಜೇ ವಾಸಿ," ಅಂತ ಎನಿಡ್ ಹೊರಟಳು.

ಬಾಂಬಿನ ಭಯಕ್ಕೆ ಊರಲ್ಲೆಲ್ಲೂ ದೀಪ ಹಚ್ಚುವಂತಿರಲಿಲ್ಲ. ಗೋಡೆ ಸವರಿಕೊಂಡು ಇಗರ್ಜಿಯ ಹಿಂದಿನ ಹಳೇ ಬಾವಿಯ ತನಕ ಬಂದಳು. ಆಗ ಕೇಳಿಸಿತು...

ಎಂಜಿನ್. ಕೆಳಗೆ... ತೀರಾ ಕೆಳಗೆ. ಎರಡು ಸಲ ಖೊಕ್ ಖೊಕ್ ಎಂದು ಕೆಮ್ಮಿತು. ಜೊತೆಗೇ ಒಂದು ಸಿಳ್ಳೆ, ಖಾಲಿ ಸೀಸೆಯ ಬಾಯಿಗೆ ಊದಿದ ಹಾಗೆ. ಆ ಸಿಳ್ಳೆ ಎನಿಡ್‌ಗೆ ಗೊತ್ತು. ರೆಕ್ಕೆಯೊಳಗಿನ ಬಂದೂಕಿನ ಬಾಯಿಗೆ ಬಟ್ಟೆ ಅಂಟಿಸಿರುತ್ತಾರೆ. ಗುಂಡು ಹಾರಿದರೆ ಬಟ್ಟೆ ಹರಿದು, ಆ ತೂತಿನಲ್ಲಿ ಗಾಳಿ ಊಳಿಡುತ್ತದೆ. ಅಂದರೆ ಕಾದಾಡಿ ಬಂದ ವಿಮಾನ. ಅಂಥ ಮಂಜಿನಲ್ಲಿ ಯಾರು ಹಾರುತ್ತಾರೆ?

ಶಬ್ದ ನಿಂತಿತು. ಬಿದ್ದ ಸದ್ದಿಲ್ಲ... ಏನೂ ಇಲ್ಲ.

ಆಮೇಲೆ ಹೆಜ್ಜೆ. ಚಪ್... ಚಪ್... ನೀರು ತುಂಬಿದ ಬೂಟಿನ ಹೆಜ್ಜೆ. ಬಾವಿಯ ಕಟ್ಟೆಯ ಹತ್ತಿರ ಬಂದು ನಿಂತಿತು.

"ಅಮ್ಮಾ..."

ಎನಿಡ್ ಕತ್ತಲಿಗೆ ಕೈ ಚಾಚಿದಳು. "ಸಿರಿಲ್?"

"ಪರ್ಸಿ, ಅಮ್ಮಾ. ಕಣ್ಣು ಸುಟ್ಟೋಗಿದೆ... ಏನೂ ಕಾಣ್ತಿಲ್ಲ. ನೀನೇ ಅಲ್ವಾ?"

ತನ್ನ ಮಗನಲ್ಲ. ಆರು ತಿಂಗಳಿಂದ ಪ್ರತಿ ರಾತ್ರಿ ಕಾದದ್ದು ಇವನಿಗಲ್ಲ. ಸಂಕಟಕ್ಕೆ ಅಲ್ಲಿಂದ ಓಡಿಬಿಡೋಣ ಅನ್ನಿಸಿತಂತೆ. ಆದರೆ ಸಿರಿಲ್ಲೂ ಎಲ್ಲೋ ಯಾರದೋ ಬಾಗಿಲಲ್ಲಿ ಹೀಗೇ ನಿಂತಿದ್ದರೆ...

"ನಾನೇ ಕಂದಾ," ಅಂದಳು.

ತಣ್ಣನೆಯ ಕೈಯೊಂದು ಅವಳ ಕೋಟಿನ ಎಡತೋಳು ಹಿಡಿಯಿತು.

"ಬೈತೀಯಾ? ಹೇಳದೆ ಸೇನೆ ಸೇರಿದ್ದಕ್ಕೆ?"

"ಇಲ್ಲಪ್ಪ."

"ತುಂಬ ಚಳಿ ಅಮ್ಮಾ."

"ಗೊತ್ತು ಮಗಾ. ಮಲಕ್ಕೋ... ಅಮ್ಮ ಇಲ್ಲೇ ಇದೀನಿ."

ಉಸಿರೊಂದು ಉದ್ದಕ್ಕೆ ಹೊರಬಿತ್ತು. ಹಿಡಿತ ಸಡಿಲವಾಯಿತು, ಒಂದೊಂದೇ ಬೆರಳು.

ಎನಿಡ್ ಬೆಳಗಾಗುವವರೆಗೂ ಆ ಕಟ್ಟೆಯ ಮೇಲೆ ಕೂತಿದ್ದಳು. ಇಲ್ಲೇ ಇರುತ್ತೇನೆ ಅಂತ ಮಾತು ಕೊಟ್ಟಿದ್ದಳಲ್ಲ. ಬೇರೆ ಯಾರೂ ಬರಲಿಲ್ಲ. ಬೆಳಕಾದಾಗ ನೋಡಿದರೆ ಕಟ್ಟೆಯ ಹತ್ತಿರ ಹುಡುಗನೂ ಇಲ್ಲ, ಸುತ್ತ ಎಲ್ಲೂ ವಿಮಾನವೂ ಇಲ್ಲ.

ಕನಸು ಅಂತ ನಕ್ಕವರಿದ್ದಾರೆ. ಎನಿಡ್ ಒಣಗಿಸಲು ಕೊಟ್ಟ ಆ ಕೋಟು ಈಸ್ಟರ್ ಹಬ್ಬದ ತನಕ ನಮ್ಮ ಅಡುಗೆಮನೆಯ ಒಲೆಯ ಪಕ್ಕ ನೇತಾಡುತ್ತಿತ್ತು. ಮಿಕ್ಕದ್ದೆಲ್ಲ ಒಣಗಿತು, ಎಡತೋಳು ಮಾತ್ರ ಒಣಗಲೇ ಇಲ್ಲ. ಕಡಲು ನಮ್ಮೂರಿಂದ ಇಪ್ಪತ್ತು ಮೈಲಿಗೂ ಆಚೆ. ಆ ತೋಳು ಹಿಂಡಿದ ನೀರನ್ನು ನಾನೇ ನಾಲಿಗೆಗೆ ಇಟ್ಟು ನೋಡಿದ್ದೇನೆ... ಉಪ್ಪು.