ಚೈನಿನ ಸದ್ದು ನಿಂತೈತಾ?

ಏನಂದೆ? ಮುಖ ಎತ್ತಿ ಹೇಳೋ ಮಹೇಂದ್ರ. ಬಾನೆಟ್ ಒಳಗೆ ತಲೆ ತೂರಿಸ್ಕೊಂಡು ಗೊಣಗಿದ್ರೆ ಯಾರಿಗೆ ತಿಳೀತೈತೆ? ...ಬ್ಯಾಡ ಬ್ಯಾಡ, ಟೀ ಬ್ಯಾಡ. ಈಗಷ್ಟೇ ಕುಡ್ದು ಬಂದೀನಿ. ...ಯಾಕ ನಗ್ತೀಯ? ಟೀ ಅಲ್ವಾ? ಟ್ರೇ? ಓ... ಆಯಿಲ್ ಟ್ರೇ ಸರಿಸು ಅಂದ್ಯಾ! ತಗಾ, ಸರಿಸ್ದೆ. ನಗಬ್ಯಾಡ ಮಾರಾಯ. ಹರಿಹರದಾಗಿರೋ ಲಾರಿ ಎಲ್ಲಾ ನಿನ್ನ ಗ್ಯಾರೇಜ್ ಮುಂದೇನೇ ಹೋಗ್ತಾವೆ. ಈ ಗದ್ದಲದಾಗೆ ಯಾರಿಗೆ ಏನು ಕೇಳ್ಸುತ್ತೆ, ಹೇಳು?

ಅದೇನಾ ಚೈನು ಬಿಗಿ ಹಿಡಿಯೋ ಟೆನ್ಷನರು? ಕೊಡಿಲ್ಲಿ, ನೋಡಾಣ. ಅಬ್ಬಾ! ಇಷ್ಟು ಸಣ್ಣದು! ಇದು ಸೋತು ಕೂತ್ರೆ ಇಂಜಿನ್ ಒಳಗಿನ ಅಷ್ಟು ದೊಡ್ಡ ಚೈನು ಜೋತು ಬೀಳೋದಾ? ...ಹ್ಞಾ, ಹ್ಞಾ, ಗೊತ್ತು. ಚೈನು ಹಲ್ಲು ಹಾರಿದ್ರೆ ವಾಲ್ವು ಹೋಗಿ ಪಿಸ್ಟನ್ನಿಗೆ ಬಡೀತೈತೆ, ಆಮ್ಯಾಲೆ ಇಂಜಿನ್ನು ಗುಜರಿಗೆ. ಗೊತ್ತಪ್ಪ. ಬೈಬ್ಯಾಡ. ನಿನ್ನ ತುಟಿ ನೋಡಿದ್ರೇ... ಅಲ್ಲ, ಮುಖ ನೋಡಿದ್ರೇ ಗೊತ್ತಾಗ್ತೈತೆ, ಬೈತಿದ್ದೀಯ.

ಎಷ್ಟು ದಿನದಿಂದ ಸದ್ದು ಅಂತಾನಾ? ಈಗ... ಒಂದು ವಾರ? ಹ್ಞೂ, ವಾರ ಇರ್ಬೋದು. ...ಯಾಕ ತಲೆ ಆಡಿಸ್ತೀಯ? ಕಾಣ್ತೈತೆ, ಕಾಣ್ತೈತೆ. ಚೈನು ಉಜ್ಜಿ ಉಜ್ಜಿ ಕವರಿಗೆ ಗೀರು ಬಿದ್ದೈತೆ. ತಿಂಗಳುಗಟ್ಲೆ ಬಡ್ಕೊಂಡೈತೆ ಅಂತೀಯಾ? ಇರ್ಬೋದು ಬಿಡು. ಹಳೇ ಡೀಸೆಲ್ ಗಾಡಿ, ಯಾವಾಗ್ಲೂ ಟ್ರ್ಯಾಕ್ಟರ್ ಥರಾನೇ ಬಡ್ಕೊಳ್ತೈತೆ. ಅದರಾಗೆ ಹೊಸ ಸದ್ದು ಯಾವ್ದು, ಹಳೇದು ಯಾವ್ದು...

ಫಕ್ರುನ್ನೀಸಾ ಹೇಳಿದ್ಲು. ನಮ್ಮ ಓಣಿಯಾಗೆ ಬಟ್ಟೆ ಹೊಲೀತಿದ್ಲಲ್ಲ, ಆಕಿ. ವಾರಕ್ಕೆ ಮೂರು ಸಲ ದಾವಣಗೆರೆಗೆ ಡಯಾಲಿಸಿಸ್‌ಗೆ ಕರ್ಕೊಂಡು ಹೋಗ್ತೀನಲ್ಲ. “ಬಕ್ಕೇಶಣ್ಣ, ಬೆಳಗ್ಗೆ ಗಾಡಿ ಚಾಲೂ ಮಾಡಿದ್ರೆ ಡಬ್ಬಿಯಾಗೆ ಕಲ್ಲು ಹಾಕಿ ಅಲ್ಲಾಡಿಸ್ದಂಗೆ ಆಗ್ತೈತೆ, ಮಹೇಂದ್ರಗೆ ತೋರ್ಸು” ಅಂದ್ಲು. ನಂಗೂ... ನಂಗೂ ಹಂಗೇ ಅನ್ನಿಸಿತ್ತು ಬಿಡು.

ಸಾಕಾಗೈತಪ್ಪ. ಬೆಳಗ್ಗೆ ಎದ್ದು ಆಕಿನ್ನ ಕರ್ಕೊಂಡು ಹೋಗು, ಆಸ್ಪತ್ರೆ ಮುಂದೆ ಹಿಂದಿನ ಸೀಟಿನಾಗೆ ಮುದುರ್ಕೊಂಡು ಬಿದ್ಕೊ, ಬಿಸಿಲು ಏರಿದ ಮ್ಯಾಲೆ ವಾಪಸ್ ಕರ್ಕೊಂಡು ಬಾ. ಬರ್ತಾ ಆಕಿಗೆ ವಾಂತಿ. ಪಾಪ, ಮಗಳು ತಸ್ಲೀಮ್ ಗುತ್ತೂರು ಕಡೆ ಫ್ಯಾಕ್ಟರಿಗೆ ಹೋಗ್ಬೇಕು, ರಜೆ ಕೊಡಲ್ಲ. ಮೊದ್ಲು ಬಸ್ಸಿನಾಗೇ ಹೋಗ್ತಿದ್ಲು ಫಕ್ರುನ್ನೀಸಾ. ಒಂದಿನ ಬಸ್ ಸ್ಟ್ಯಾಂಡಿನಾಗೆ ತಲೆ ಸುತ್ತಿ ಬಿದ್ದಿದ್ಲು, ಜನ ಸುತ್ತ ನಿಂತು ನೋಡ್ತಿದ್ರು. ನಾನೇ ಎಬ್ಬಿಸ್ಕೊಂಡು ಬಂದೆ. ಅವತ್ತಿಂದ ನನ್ನ ಗಾಡಿ.

ಹೊಸ ಟೆನ್ಷನರ್ ಕೂಡಿಸ್ದ್ಯಾ? ಅದನ್ನ ಅದುಮಿ ಹಿಡಿದಿದ್ದ ಪಿನ್ನು? ...ಎಳೆದೆ ಅಂತೀಯಾ. ಸರಿ. ಈಗ ಇಂಜಿನ್ನು ಕೈಯಾಗೇ ತಿರುಗಿಸಿ ನೋಡ್ತೀಯಾ? ನೋಡು, ನೋಡು, ನಿಧಾನಕ್ಕೆ ಮಾಡು. ಕವರಿಗೆ ಹಚ್ಚೋ ಗಮ್ಮೂ ಒಣಗ್ಲಿ. ನಂಗೇನು ಅವಸರ ಇಲ್ಲ. ಈ ಟೈರ್ ಮ್ಯಾಲೆ ಕೂತ್ಕೊಂಡ್ರೆ ಏಳಾಕೇ ಮನಸ್ಸಾಗಲ್ಲ ನೋಡು...

ಹ್ಞಾ! ತೂಕಡಿಸ್ಬಿಟ್ಟಿದ್ದೆ. ಕವರ್ ಹಾಕಿದ್ಯಾ? ಆಯಿಲ್ಲೂ ಹುಯ್ದ್ಯಾ? ಹತ್ತು ಹಂಗಾದ್ರೆ, ಚಾಲೂ ಮಾಡು. ...ಏನು, ಹೆಂಗೈತೆ ಅಂತಾನಾ? ಆಹಾ! ಹೋತು ನೋಡೋ! ಚೈನಿನ ಸದ್ದು ಪೂರಾ ಹೋತು! ಎಷ್ಟು ತಣ್ಣಗೆ ಓಡ್ತೈತೆ ಈಗ, ಹೂವಿನಂಗೆ. ನಿನ್ನ ಕೈ ಅಂದ್ರೆ ಕೈ ಕಣಪ್ಪ!

...ಯಾಕ ಹಂಗೆ ನೋಡ್ತೀಯ?

ಮಹೇಂದ್ರ? ಏನಾದ್ರೂ ಅನ್ನೋ. ಬಾಯಿ ಬಿಡೋ... ಏನದು ಕೈಯಾಗೆ? ಕೀ? ಕೀ ಯಾಕ ಎತ್ತಿ ತೋರಿಸ್ತೀಯ... ಕೀ ನಿನ್ನ ಕೈಯಾಗೇ ಐತೆ. ಹಂಗಾದ್ರೆ... ಹಂಗಾದ್ರೆ ಗಾಡಿ ಇನ್ನೂ ಚಾಲೂನೇ ಆಗಿಲ್ಲ. ನೀನು ಕೇಳಿದ್ದು, ಚಾಲೂ ಮಾಡ್ಲಾ ಅಂತ.

ಹ್ಞೂ.

ಹ್ಞೂ ಕಣೋ. ಕೇಳ್ಸಲ್ಲ. ಎಡಗಡೆದು ಯಾವಾಗ್ಲೋ ಹೋತು. ಬಲಗಡೆದು ಈ ಬ್ಯಾಸಿಗೆಯಾಗೆ ಹೋತು. ಮುಖ ಕಂಡ್ರೆ ಮಾತು ತಿಳೀತೈತೆ, ಇಲ್ಲಾಂದ್ರೆ ಇಲ್ಲ. ಅದಕ್ಕೇ ನಾನೇ ಮಾತಾಡ್ತಾ ಇರ್ತೀನಿ. ಇನ್ನೊಬ್ರಿಗೆ ಮಾತಾಡಾಕೆ ಬಿಡೋದೇ ಇಲ್ಲ. ಕಿವಿಗೆ ಮಷೀನ್ ಹಾಕ್ಕೊಂಡ್ರೆ ಕಿವುಡ ಡ್ರೈವರ್ ಅಂತಾರೆ, ಆಮ್ಯಾಲೆ ನನ್ನ ಗಾಡಿ ಯಾರು ಹತ್ತುತಾರೆ? ಮನ್ಯಾಗೆ ಹೆಂಡ್ತಿ ಪುಷ್ಪಲತಾಗೂ ಹೇಳಿಲ್ಲ. ಕರೆದ್ರೆ ತಿರುಗಲ್ಲ ಅಂತ ಸಿಟ್ಟು ಮಾಡ್ಕೊಳ್ತಾಳೆ, ಸೊಕ್ಕು ಅಂತಾಳೆ. ಸೊಕ್ಕೇ ಅನ್ಕೊಳ್ಳಿ ಅಂತ ಸುಮ್ಕಿದೀನಿ.

ಫಕ್ರುನ್ನೀಸಾಗೆ ಗೊತ್ತು.

ಹೋದ ವಾರ ದಾವಣಗೆರೆಯಿಂದ ಬರ್ತಾ ದಾರಿಯಾಗೆ ಬಾತಿ ಹತ್ರ, ಹಿಂದಿಂದ ಲಾರಿ ಹಾರ್ನ್ ಹೊಡೀತಾ ಹೊಡೀತಾ ಬಂದೈತೆ. ನಂಗೇನು ಗೊತ್ತು? ನಾನು ಬಲಕ್ಕೆ ತಿರುಗಿಸ್ದೆ. ಪಕ್ಕದ ಸೀಟಿನಾಗಿದ್ದ ಆಕಿ ಸ್ಟೀರಿಂಗಿಗೆ ಕೈ ಹಾಕಿ ಎಳೆದ್ಲು ನೋಡು... ಯಾವ ಕೈ ಗೊತ್ತಾ? ಡಯಾಲಿಸಿಸ್‌ಗೆ ಸೂಜಿ ಚುಚ್ಚೋ ಕೈ. ಆ ಕೈಯಾಗೆ ತಂಬಿಗೆ ನೀರು ಸುದ್ದಾ ಎತ್ತಲ್ಲ ಆಕಿ, ಡಾಕ್ಟ್ರು ಬ್ಯಾಡ ಅಂದಾರೆ. ಆ ಕೈಯಾಗೆ ಎಳೆದ್ಲು. ಲಾರಿ ಪಕ್ಕಕ್ಕೇ ಸವರ್ಕೊಂಡು ಹೋತು. ಗಾಡಿ ನಿಲ್ಸಿ ಇಬ್ರೂ ಕೂತಿದ್ವಿ. ಆಕಿ ಕೈ ಹಿಡ್ಕೊಂಡು ಅಳ್ತಿದ್ಲು, ನಾನು ಆ ಕಡೆ ಮುಖ ತಿರುಗಿಸ್ಕೊಂಡೆ. ಆಕಿ ಏನಾದ್ರೂ ಅಂದ್ರೆ ತುಟಿ ಕಾಣಬಾರ್ದು ಅಂತ.

ಯಾರಿಗೂ ಹೇಳಿಲ್ಲ ಆಕಿ. ಮಗಳಿಗೂ ಹೇಳಿಲ್ಲ. ಗಾಡಿ ಬ್ಯಾಡ ಅಂತಾನೂ ಅನ್ಲಿಲ್ಲ. ನಾನು ಬಿಟ್ರೆ ಆಕಿ ಮತ್ತೆ ಬಸ್ಸು ಹತ್ತಬೇಕಲ್ಲ ಅಂತ ನಂಗೆ ನಾನೇ ಹೇಳ್ಕೊಂಡೆ. ಸುಳ್ಳು ಕಣೋ. ಡ್ರೈವರ್ ಬಕ್ಕೇಶಪ್ಪ ಅನ್ನೋದು ಬಿಟ್ರೆ ನಂಗೆ ಬ್ಯಾರೆ ಹೆಸ್ರು ಎಲ್ಲೈತೆ?

ಮೊದ್ಲೆಲ್ಲಾ ವಾಪಸ್ ಬರ್ತಾ ನಿದ್ದೆ ಮಾಡ್ತಿದ್ಲು. ಮೈಯಾಗಿನ ರಕ್ತ ಎಲ್ಲಾ ಮಷೀನಿಗೆ ಹೋಗಿ ಬಂದಿರ್ತೈತೆ, ಹಿಂಡಿದ ಬಟ್ಟೆ ಆಗಿರ್ತಾಳೆ ಆಕಿ. ಈಗ ನಿದ್ದೆ ಮಾಡಲ್ಲ. ಕತ್ತು ಹಿಂದಕ್ಕೆ ತಿರುಗಿಸ್ಕೊಂಡು ಕೂತಿರ್ತಾಳೆ, ಲಾರಿ ಬಂದ್ರೆ ನನ್ನ ತೋಳು ಮುಟ್ತಾಳೆ. ದಾವಣಗೆರೆಯಿಂದ ಹರಿಹರದವರೆಗೂ ಅದೇ ಕೆಲಸ ಆಕಿಗೆ.

...ಬ್ಯಾಡ. ಕೀ ಕೊಡಬ್ಯಾಡ ನಂಗೆ. ನಿನ್ನ ಹತ್ರಾನೇ ಇರ್ಲಿ. ನಾಳೆ ಬೆಳಗ್ಗೆ ನೀನೇ ಓಡಿಸ್ತೀಯಾ, ಮಹೇಂದ್ರ? ಆಮ್ಯಾಲೆ ಬ್ಯಾರೆ ಯಾರ್ನಾದ್ರೂ ನೋಡಾಣ. ನಾನು ಹಿಂದೆ ಕೂತು ಬರ್ತೀನಿ. ಆಕಿ ನಾಳೆ ಒಂದಿನ ನಿದ್ದೆ ಮಾಡ್ಲಿ.