ನಾಲ್ವಡಿಯವರಿಗೊಂದು ಎಲೆ

ಇಲವಾಲದ ಬಸ್ಸಿನಲ್ಲಿ ಯಶೋಧಾಳ ಮುಂದಿನ ಸೀಟಿನಲ್ಲಿ ಇಬ್ಬರು ಹೆಂಗಸರು ಪಿತೃಪಕ್ಷದ ಮಾತಾಡುತ್ತಿದ್ದರು.

"ಈ ಸಲ ಮಾವನ ಎಡೆ ಪಕ್ಕ ನಾಲ್ವಡಿ ಮಹಾರಾಜರಿಗೂ ಒಂದು ಎಲೆ ಹಾಕ್ಬುಟ್ವಿ ಕಣಮ್ಮ."

"ಅವರಿಗ್ಯಾಕೆ?"

"ಒಂದ್ಸಲ ಅವರ ಮುಂದೆ ನಿಂತು ಕೈಮುಗೀಬೇಕು ಅಂತ ಮಾವ ಸಾಯೋಗಂಟ ಅಂತಿದ್ರು. ಕೋಣೇಲಿ ಎಡೆ ಇಟ್ಟು, ಹೊಸಲಿಗೆ ಅಕ್ಕಿಹಿಟ್ಟು ಚೆಲ್ಲಿ, ಬಾಗಿಲು ಮುಚ್ಕಂಡು ಈಚೆ ಬಂದ್ವಿ."

"ಹೆಜ್ಜೆ ಮೂಡ್ತಾ?"

"ಮಾವನ ಆರು ಬೆರಳಿನ ಪಾದ, ಹಿಟ್ಟು ತುಳಿದು ಜಗಲಿವರೆಗೂ ಬಂದದೆ. ಬೆರಳು ಮಾತ್ರ ಕೋಣೆ ಕಡೆಗೇ ಅವೆ."

"ಹಿಂದಹಿಂದಕ್ಕೆ ನಡೆದವ್ರಾ?"

"ದೊರೆಗೆ ಬೆನ್ನು ತೋರಿಸ್ತಾರಾ?"

"ಅಂಗಾದ್ರೆ ದೊರೆ?"

"ಅವರು ಹೊರಟ ಹೆಜ್ಜೆ ಇಲ್ಲ. ಬಾಗಿಲು ಇನ್ನೂ ತೆಗೆದಿಲ್ಲ."

ಸ್ಟಾಪು ಬಂತು. ಇಬ್ಬರೂ ಎದ್ದರು.

"ಮನೇಲಿ ಎಂಗೆ ಓಡಾಡ್ತೀರೇ?"

"ಆ ಬಾಗಿಲಿಂದ ನಾವೂ ಹಿಂದಹಿಂದಕ್ಕೇ ಬರ್ತೀವಿ," ಎನ್ನುತ್ತಾ ಅವಳು ಇಳಿದಳು.